ಮಳೆಗಾಲಕ್ಕೆ ಜಗ್ಗದ ಹುಲ್ಲುಹಾಸು: ಉತ್ತರ ಕನ್ನಡದ ಅಂಗಳಕ್ಕೆ ಮಣ್ಣು ಹದ ಮಾಡುವುದು

ನಮ್ಮ ಕಡೆ ಹೊಸ ಲಾನನ್ನು ಬಿಸಿಲಿಗಿಂತ ಹೆಚ್ಚು ಕೆಡಿಸುವುದು ಜೂನ್-ಜುಲೈ ಮಳೆ. ಹುಲ್ಲಿನ ಜಾತಿ ಆಮೇಲೆ ಆರಿಸಿದರಾಯಿತು, ಮೊದಲು ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ನಾಲ್ಕು ತಾಸು ಕಳೆದರೂ ನೀರು ಇಳಿಯದಿದ್ದರೆ ಅಂಚಿನಲ್ಲಿ ಒಂದಡಿ ಆಳದ ಕಾಲುವೆ ತೋಡಿ ಜಲ್ಲಿ ತುಂಬಬೇಕು. ಅಂಗಳ ಮನೆಯಿಂದ ಹೊರಕ್ಕೆ ಹತ್ತಡಿಗೆ ಎರಡಿಂಚಿನಂತೆ ಇಳಿಜಾರಾಗಿರಲಿ. ಮಾಡಿನ ನೀರು ಸುರಿಯುವ ಸಾಲಿನಲ್ಲಿ ಹುಲ್ಲು ನೆಡುವುದು ದುಡ್ಡು ದಂಡ. ಅಲ್ಲಿ ಎರಡಡಿ ಅಗಲಕ್ಕೆ ಜಲ್ಲಿಯೇ ಸರಿ.

ಮಣ್ಣಿನ ಕೆಲಸ ಹುಬ್ಬಾ ಮಳೆ (ಸೆಪ್ಟೆಂಬರ್ ಮೊದಲ ಭಾಗ) ಬಿಡುವು ಕೊಟ್ಟಾಗ ಶುರುಮಾಡಿ, ಹಸ್ತಾ ಮಳೆಯ (ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಆರಂಭ) ಹೊತ್ತಿಗೆ ನೆಟ್ಟರೆ ಬೇರಿಗೆ ಮುಂದಿನ ಜೂನ್ ತನಕ ಎಂಟು ತಿಂಗಳು ಸಿಗುತ್ತದೆ. ಮೇ ಕೊನೆಯಲ್ಲಿ ನೆಟ್ಟದ್ದು ಬೇರು ಹಿಡಿಯುವ ಮೊದಲೇ ಮಣ್ಣಿನ ಸಮೇತ ಗಟಾರ ಸೇರುತ್ತದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ: ಉಂಡೆ ಬೆರಳು ತಾಗಿದರೆ ಪುಡಿಯಾಗಬೇಕು. ಅಂಟಂಟಾಗಿದ್ದಾಗ ಅಗೆದರೆ ಒಣಗಿದ ಮೇಲೆ ಹೆಂಟೆ ಒಡೆಯುವುದೇ ಕೆಲಸವಾಗುತ್ತದೆ.

ಎಂಟರಿಂದ ಹತ್ತಿಂಚು ಅಗೆಯಿರಿ. ಚಿರೆಕಲ್ಲಿನ ಚೂರು, ಸಿಮೆಂಟಿನ ಗಟ್ಟಿ ಹೆಕ್ಕಿ ತೆಗೆಯಿರಿ. ಮನೆ ಕಟ್ಟಿದಾಗ ಹೂತುಹೋದ ಮರದ ತುಂಡುಗಳನ್ನಂತೂ ಬಿಡಲೇಬೇಡಿ, ಒರಲೆ ಅಲ್ಲಿಂದಲೇ ಏಳುತ್ತದೆ. ಶಿರಸಿ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ನೂರು ಚದರಡಿಗೆ ಸುಮಾರು ಎರಡು ಕೆಜಿ ಕೃಷಿ ಸುಣ್ಣ ಬೆರೆಸಿ. ಸುಣ್ಣ, ಗೊಬ್ಬರ ಒಂದೇ ದಿನ ಹಾಕಬಾರದು, ಗೊಬ್ಬರದ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಎರಡು-ಮೂರು ವಾರದ ಅಂತರ ಬೇಕು.

ಆ ವಾರಗಳು ವ್ಯರ್ಥವಲ್ಲ. ನೆಲ ಒದ್ದೆಯಾಗಿಡಿ, ಕಳೆ ತಾನಾಗಿ ಮೇಲೆ ಬರುತ್ತದೆ. ಕೊನ್ನಾರಿ ಕಂಡರೆ ಎಲೆ ಹಿಡಿದು ಎಳೆಯಬೇಡಿ. ಎಲೆ ಕೈಗೆ ಬರುತ್ತದೆ, ಗಡ್ಡೆ ಕೆಳಗೇ ಉಳಿದು ಮತ್ತೆ ಚಿಗುರುತ್ತದೆ. ಗುದ್ದಲಿ ಹಾಕಿ ಎಬ್ಬಿಸಿ, ದಾರದಂಥ ಬೇರಿನ ಜಾಡು ಹಿಡಿದು ಗಡ್ಡೆಯನ್ನೇ ತೆಗೆಯಿರಿ. ಹುಲ್ಲು ಹಬ್ಬಿದ ಮೇಲೆ ಈ ಕೆಲಸ ಸಾಧ್ಯವೇ ಇಲ್ಲ.

ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ದರಕಿನ (ಉದುರಿದ ಒಣ ಎಲೆಯ) ಕಾಂಪೋಸ್ಟನ್ನೋ ಎರಡಿಂಚು ಹರಡಿ, ಮೇಲಿನ ಆರಿಂಚಿಗೆ ಬೆರೆಸಿ. ನೂರು ಚದರಡಿಗೆ ಸುಮಾರು 17 ಘನ ಅಡಿ ಬೇಕು. ಗೊಬ್ಬರವನ್ನು ಜರಡಿ ಹಿಡಿದು ಗೊಣ್ಣೆಹುಳು ಆರಿಸಿ. ಕಾರವಾರದ ಮರಳು ಅಂಗಳಕ್ಕೆ ಇದರ ಜೊತೆ ಮೂರಿಂಚು ಕೆಂಪು ಮಣ್ಣೂ ಬೇಕು, ಇಲ್ಲದಿದ್ದರೆ ನೀರು, ಗೊಬ್ಬರ ಎರಡೂ ಸೋರಿಹೋಗುತ್ತವೆ. ಸಮುದ್ರದ ಹೊಯ್ಗೆ ಮಾತ್ರ ತರಬೇಡಿ, ಅದರಲ್ಲಿ ಉಪ್ಪಿರುತ್ತದೆ.

ಹುಲ್ಲಿನ ಆಯ್ಕೆ ಕಷ್ಟವಲ್ಲ. ತೆಂಗು, ಮಾವಿನ ಅರೆನೆರಳಿಗೆ ನರ್ಸರಿಯವರು ಬಫೆಲೋ ಎಂದು ಕೊಡುವ ಅಗಲ ಎಲೆಯ ಹುಲ್ಲು. ಆರು ತಾಸು ಬಿಸಿಲಿದ್ದಲ್ಲಿ, ಅಥವಾ ಬಾವಿ ನೀರು ಸವಳಾಗಿದ್ದಲ್ಲಿ ಗರಿಕೆ ಜಾತಿ. ದಟ್ಟ ನೆರಳಲ್ಲಿ ಯಾವುದೂ ನಿಲ್ಲದು, ಹಾವಸೆ ಕಟ್ಟುತ್ತದೆ. ಅಲ್ಲಿ ಕಲ್ಲು ಹಾಸಿ.

ನೆಲ ಸಮ ಮಾಡಿ ನೀರುಣಿಸಿ ಎರಡು ದಿನ ಬಿಟ್ಟು, ತಗ್ಗಾದಲ್ಲಿ ಮಣ್ಣು ತುಂಬಿ. ಎರಡು-ಮೂರು ಗೆಣ್ಣಿರುವ ತುಂಡುಗಳನ್ನು ನಾಲ್ಕಿಂಚಿಗೊಂದರಂತೆ ನೆಡಿ: ಒಂದು ಗೆಣ್ಣು ಮಣ್ಣೊಳಗೆ, ತುದಿ ಹೊರಗೆ. ಹಲಗೆಯ ಮೇಲೆ ನಿಂತು ನೆಟ್ಟರೆ ಹೆಜ್ಜೆಗುಳಿ ಬೀಳುವುದಿಲ್ಲ. ಮೊದಲ ಎರಡು ವಾರ ಮಳೆಯಿಲ್ಲದ ದಿನ ಬೆಳಿಗ್ಗೆ, ಸಂಜೆ ತೆಳುವಾಗಿ ನೀರು ಸಿಂಪಡಿಸಿ. ಪೈಪನ್ನು ನೇರ ಹಿಡಿದರೆ ತುಂಡುಗಳು ಎದ್ದುಬರುತ್ತವೆ.

ಮೂರಿಂಚು ಬೆಳೆದಾಗ ಮೊದಲ ಕಟಾವು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ. ಅದರ ಮರುದಿನ ನೂರು ಚದರಡಿಗೆ 50 ಗ್ರಾಂ ಯೂರಿಯಾ ಎರಚಿ ಕೂಡಲೇ ನೀರು ಕೊಡಿ. ಒದ್ದೆ ಎಲೆಗೆ ಕಾಳು ಅಂಟಿದರೆ ಸುಟ್ಟ ಚುಕ್ಕೆ ಬೀಳುತ್ತದೆ. ಏಪ್ರಿಲ್-ಮೇನಲ್ಲಿ ನೂರು ಚದರಡಿಗೆ ದಿನಕ್ಕೆ ಸುಮಾರು 50 ಲೀಟರ್ ನೀರು ಬೇಕಾಗುವುದರಿಂದ, ಲಾನ್ ಎಷ್ಟು ದೊಡ್ಡದಿರಬೇಕು ಎಂಬುದನ್ನು ಬಾವಿಯ ಬೇಸಿಗೆಯ ಮಟ್ಟ ನೋಡಿ ನಿರ್ಧರಿಸಿ.