ಮಳೆ ನೋಡಿಕೊಂಡು ವಿಮಾನ ಕಟ್ಟಿದ್ದು

ಆಟಿಕೆಯಷ್ಟು ಸಣ್ಣ ಪ್ಲಾಸ್ಟಿಕ್ ವಿಮಾನಕ್ಕೆ ನಾನು ಅಂಟು ಹಾಕುವುದು ಆರಿದ್ರೆ ಮಳೆಯಲ್ಲಿ. ಬಣ್ಣ ಹೊಡೆಯುವುದು ಸ್ವಾತಿ ಮುಗಿದ ಮೇಲೆ. ನಡುವಿನ ನಾಲ್ಕು ತಿಂಗಳು ಉಜ್ಜುವುದು, ಪುಟ್ಟಿ ತುಂಬುವುದು, ಮತ್ತೆ ಉಜ್ಜುವುದು.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ನಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ, ಅಷ್ಟೆ. ಜುಲೈ ಬಂತೆಂದರೆ ಗೋಡೆಗೆ ನೇತು ಹಾಕಿದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಇಂಥ ಊರಿನಲ್ಲಿ ಹಳೆಯ ಪ್ಲಾಸ್ಟಿಕ್ ವಿಮಾನದ ಕಿಟ್ ಕಟ್ಟಿ ಬಣ್ಣ ಬಳಿಯುವವರು ಮಳೆ ನಕ್ಷತ್ರ ನೋಡಲೇಬೇಕು. ನೋಡದೆ ಹೋದರೆ ಏನಾಗುತ್ತದೆ ಅಂತ ನನಗೆ ಮೊದಲ ವಿಮಾನದಲ್ಲೇ ಗೊತ್ತಾಯಿತು.

ಅದು ಏರ್‌ಫಿಕ್ಸ್ ಕಂಪನಿಯ ಸ್ಪಿಟ್‌ಫೈರ್. ಏರ್‌ಫಿಕ್ಸ್‌ನವರು 1953ರಲ್ಲಿ ಹೊರತಂದ ಮೊದಲ ವಿಮಾನದ ಕಿಟ್ ಕೂಡ ಸ್ಪಿಟ್‌ಫೈರೇ. ನನ್ನದು ಅದಕ್ಕಿಂತ ತುಂಬಾ ಈಚಿನದು. ಅಳತೆ 1/72. ಅಂದರೆ 6 ಅಡಿ ಎತ್ತರದ ಮನುಷ್ಯ ಈ ಲೆಕ್ಕದಲ್ಲಿ ಸರಿಯಾಗಿ 1 ಇಂಚು. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದು ಗೇಣೂ ಇಲ್ಲ. ಹತ್ತು ದಿನದಲ್ಲಿ ಕಟ್ಟಿ ಮುಗಿಸಿದೆ. ಹೊರಗೆ ಆಶ್ಲೇಷ ಮಳೆ ಸುರಿಯುತ್ತಿತ್ತು. ನನಗೆ ತಡೆಯಲಿಲ್ಲ. ಜಗಲಿಯ ಮೂಲೆಯಲ್ಲಿ ಹಳೇ ಪೇಪರ್ ಹಾಸಿ, ಬೇಗ ಒಣಗುವ ಲ್ಯಾಕ್ವರ್ ಜಾತಿಯ ಕಡು ಹಸಿರು ಬಣ್ಣಕ್ಕೆ ಥಿನ್ನರ್ ಬೆರೆಸಿ, ಗಾಳಿಯಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ನಲ್ಲಿ ಹೊಡೆದೇಬಿಟ್ಟೆ.

ಬಣ್ಣ ಚೆನ್ನಾಗಿಯೇ ಕೂತಿತು. ಎರಡು ನಿಮಿಷ ಕಳೆಯುವಷ್ಟರಲ್ಲಿ ಹಸಿರಿನ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಏಳತೊಡಗಿತು. ಬಟ್ಟೆಯಿಂದ ಒರೆಸಿದೆ, ಹೋಗಲಿಲ್ಲ. ಮೇಲೆ ಇನ್ನೊಂದು ಕೋಟ್ ಹೊಡೆದೆ. ಅದಕ್ಕೂ ಬಿಳಿ ಬಂತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ವಿಮಾನವನ್ನು ಟಿಫಿನ್ ಡಬ್ಬಿಯೊಳಗೆ ಹತ್ತಿ ಇಟ್ಟು ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೋದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಕಾರುಗಳಿಗೆ ಪೇಂಟ್ ಹೊಡೆಯುವ ಒಬ್ಬರ ಪರಿಚಯ ಇತ್ತು. ಅವರು ಡಬ್ಬಿ ತೆಗೆದು ನೋಡಿದವರೇ, "ಮಳೇಲಿ ಹೊಡೆದ್ರಾ ಸರ್?" ಅಂದರು.

"ಹೌದು."

"ಕಾರಿಗೂ ಹಿಂಗೇ ಆಗುತ್ತೆ. ಥಿನ್ನರ್ ಬೇಗ ಹಾರುತ್ತೆ ಅಲ್ವಾ, ಹಾರುವಾಗ ಜಾಗ ತಣ್ಣಗಾಗುತ್ತೆ. ಗಾಳೀಲಿರೋ ನೀರು ಬಂದು ಅಲ್ಲೇ ಕೂತ್ಕೊಳ್ಳುತ್ತೆ. ರಿಟಾರ್ಡರ್ ಥಿನ್ನರ್ ಕೊಡ್ತೀನಿ. ಚೆನ್ನಾಗಿ ಬಿಸಿಲು ಬಿದ್ದ ದಿನ ಬರೀ ಅದನ್ನೇ ತೆಳ್ಳಗೆ ಹೊಡೀರಿ, ಬಿಳಿ ಹೋಗುತ್ತೆ."

ತಣ್ಣೀರಿನ ಲೋಟದ ಹೊರಮೈ ಬೆವರುತ್ತದಲ್ಲ, ಅದೇ ಲೆಕ್ಕ. ಥಿನ್ನರ್ ಹಾರುವಾಗ ಬಣ್ಣದ ಮೈ ತಂಪಾಗುತ್ತದೆ, ಗಾಳಿಯ ತೇವ ಅದಕ್ಕೆ ಅಂಟುತ್ತದೆ. ರಿಟಾರ್ಡರ್ ನಿಧಾನವಾಗಿ ಹಾರುವ ಥಿನ್ನರ್. ಅದು ಬಣ್ಣವನ್ನು ಸ್ವಲ್ಪ ಮೆದು ಮಾಡಿ, ಒಳಗೆ ಸಿಕ್ಕಿದ ತೇವ ಹೊರಗೆ ಹೋಗಲು ಬಿಡುತ್ತದೆ. ಮಘೆ ಮಳೆ ಮೂರು ದಿನ ಹೊಳವಾದಾಗ ಅವರು ಹೇಳಿದ ಹಾಗೇ ಮಾಡಿದೆ. ಬೂದಿ ಬಣ್ಣ ಕಣ್ಣೆದುರೇ ಕರಗಿ ಹಸಿರು ಮೇಲೆ ಬಂತು. ಅವತ್ತಿನಿಂದ ನನ್ನ ಬಣ್ಣದ ಡಬ್ಬಗಳು ಮಳೆಗಾಲದಲ್ಲಿ ಕಪಾಟಿನಿಂದ ಹೊರಗೆ ಬರುವುದಿಲ್ಲ.

ಎರಡನೆಯದು ಚಿಕ್ಕಪ್ಪನ ಲೈಸಾಂಡರ್. ನಾನು ಹೇಳಬೇಕು ಅಂತ ಕೂತಿರುವುದು ಅದರ ವಿಷಯವನ್ನೇ.

ಚಿಕ್ಕಪ್ಪ 1980ರ ಸುಮಾರಿಗೆ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಆಸೆಪಟ್ಟು ಕೊಂಡ ಕಿಟ್ ಇದು. ಆಮೇಲೆ ತೋಟ ನೋಡಿಕೊಳ್ಳಲು ಊರಿಗೆ ಬಂದರು. ಕಿಟ್ ಟ್ರಂಕಿನೊಳಗೆ ಸೇರಿ ಅಟ್ಟ ಹತ್ತಿತು. ನನ್ನ ಸ್ಪಿಟ್‌ಫೈರ್ ನೋಡಿದ ಮೇಲೆ ಅವರೇ ಅದನ್ನು ಇಳಿಸಿ ತಂದರು. "ನೀನೇ ಕಟ್ಟು ಮಾರಾಯ. ನಂಗೆ ಈಗ ಇಷ್ಟು ಸಣ್ಣದೆಲ್ಲ ಕಣ್ಣಿಗೆ ಕಾಣಲ್ಲ" ಅಂದರು.

ವೆಸ್ಟ್‌ಲ್ಯಾಂಡ್ ಲೈಸಾಂಡರ್ ನೋಡಲು ವಿಚಿತ್ರ ವಿಮಾನ. ರೆಕ್ಕೆ ಪೈಲಟ್ಟಿನ ತಲೆಯ ಮೇಲಿದೆ. ಚಕ್ರಗಳಿಗೆ ದಪ್ಪ ಬೂಟು ಹಾಕಿದ ಹಾಗೆ ಮುಚ್ಚಳ. ಕೆರೆಯ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆ ನೆನಪಾಗುತ್ತದೆ. ಅದನ್ನು ಮಾಡಿದ್ದು ಸೇನೆಗೆ ನೆರವಾಗಲು, ಶತ್ರು ಎಲ್ಲಿದ್ದಾನೆ ಅಂತ ನೋಡಿ ಬರಲು. ಸಣ್ಣ ಬಯಲಿದ್ದರೂ ಇಳಿಯುತ್ತಿತ್ತು. ವೇಗ ಕಡಿಮೆಯಾದಾಗ ರೆಕ್ಕೆಯ ಮುಂದಿನ ಪಟ್ಟಿಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು.

ಈ ವಿಮಾನ ನಮ್ಮದೂ ಹೌದು. ಭಾರತೀಯ ವಾಯುಪಡೆಯ ನಂಬರ್ 1 ಸ್ಕ್ವಾಡ್ರನ್ ಶುರುವಾದದ್ದು 1933ರ ಏಪ್ರಿಲ್ 1ಕ್ಕೆ. ಒಂಬತ್ತು ವರ್ಷದ ನಂತರ, 1942ರ ಫೆಬ್ರವರಿಯಲ್ಲಿ, ಅದು ಲೈಸಾಂಡರ್‌ಗಳನ್ನು ತೆಗೆದುಕೊಂಡು ಬರ್ಮಾದ ಟೌಂಗೂಗೆ ಹೋಯಿತು. ಮುಖ್ಯಸ್ಥರು ಕೆ. ಕೆ. ಮಜುಂದಾರ್. ಅವರು ಇಳಿದ ಬೆನ್ನಿಗೇ ಜಪಾನಿನವರು ಆ ನೆಲೆಯ ಮೇಲೆ ಬಾಂಬ್ ಹಾಕಿದರು. ಮರುದಿನ ಮಜುಂದಾರ್ ಒಂದೇ ಒಂದು ಲೈಸಾಂಡರ್‌ನಲ್ಲಿ ಹೊರಟು, ಥಾಯ್ಲೆಂಡಿನ ಮೇ ಹಾಂಗ್ ಸಾನ್‌ನಲ್ಲಿದ್ದ ಜಪಾನಿನವರ ನೆಲೆಗೆ ಬಾಂಬ್ ಹಾಕಿ ಬಂದರು. ಚಕ್ರದ ಬೂಟಿನ ಪಕ್ಕ ಎರಡು ಗಿಡ್ಡ ರೆಕ್ಕೆಗಳಿವೆ. ಅವಕ್ಕೆ ತಲಾ 250 ಪೌಂಡಿನ ಬಾಂಬ್ ಕಟ್ಟಿಕೊಂಡು ಆ ಸ್ಕ್ವಾಡ್ರನ್ ಹಾರಿತು. ಸುದ್ದಿ ತರಲು ಮಾಡಿದ ನಿಧಾನದ ವಿಮಾನದಲ್ಲಿ ಇಷ್ಟು ಧೈರ್ಯ ಮಾಡಿದರಲ್ಲ! ಓದಿದ ದಿನವೇ ನಿರ್ಧಾರ ಮಾಡಿದೆ, ಚಿಕ್ಕಪ್ಪನ ಲೈಸಾಂಡರ್ ಬಾಂಬ್ ಹೊತ್ತೇ ನಿಲ್ಲಬೇಕು ಅಂತ.

ಪೆಟ್ಟಿಗೆ ತೆರೆದರೆ ಸಮಸ್ಯೆಗಳೇ. ಅಟ್ಟದ ಸೆಕೆಗೆ ರೆಕ್ಕೆಯ ಒಂದು ತುಂಡು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನೀರಲ್ಲಿ ನೆನೆಸಿ ವಿಮಾನದ ಮೇಲೆ ಅಂಟಿಸುವ ಗುರುತು, ಅಕ್ಷರಗಳ ಡೀಕಾಲ್ ಹಾಳೆ ಅರಿಶಿನ ಹಚ್ಚಿದಷ್ಟು ಹಳದಿ. ತುಂಡುಗಳ ಅಂಚಿನಲ್ಲಿ ಅಚ್ಚಿನಿಂದ ಹೊರಗೆ ಸೋರಿದ ತೆಳು ಪ್ಲಾಸ್ಟಿಕ್.

ಮೊದಲು ಎಲ್ಲ ತುಂಡನ್ನೂ, ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿನಲ್ಲಿ ಇದ್ದ ಹಾಗೇ, ಪಾತ್ರೆ ಸೋಪು ಹಾಕಿ ಹಳೇ ಟೂತ್‌ಬ್ರಶ್‌ನಲ್ಲಿ ತೊಳೆದೆ. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಫ್ಯಾಕ್ಟರಿಯಲ್ಲಿ ಎಣ್ಣೆಯಂಥದ್ದು ಹಚ್ಚಿರುತ್ತಾರೆ. ಅದು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಸೊಟ್ಟ ರೆಕ್ಕೆಗೆ ಬಚ್ಚಲಿನ ಹಂಡೆ ನೀರು ಸಾಕಾಯಿತು. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಕೈಬಿಟ್ಟು ಹೋಗುತ್ತದೆ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸರಿ. ಒಂದು ನಿಮಿಷ ಮುಳುಗಿಸಿ, ತೆಗೆದು, ಗಾಜಿನ ಮೇಲೆ ಒತ್ತಿ ಹಿಡಿದು, ಹಾಗೇ ತಣ್ಣೀರು ಸುರಿಯುವುದು. ಐದಾರು ಸಲ ಮಾಡಿದ ಮೇಲೆ ನೆಟ್ಟಗಾಯಿತು.

ಅಂಟಿನ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಕಿಟ್‌ನ ಅಂಟು ಫೆವಿಕಾಲ್‌ನ ಹಾಗೆ ನಡುವೆ ಕೂತು ಹಿಡಿಯುವುದಲ್ಲ. ಅದು ಎರಡೂ ಕಡೆಯ ಪ್ಲಾಸ್ಟಿಕ್ ಕರಗಿಸಿ ಒಂದು ಮಾಡುತ್ತದೆ, ಬೆಸುಗೆ ಹಾಕಿದ ಹಾಗೆ. ತೇವದ ಗಾಳಿ ಅದಕ್ಕೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಅದಕ್ಕೇ ಮಳೆಗಾಲ ಅಂಟಿನ ಕಾಲ. ತುಂಡುಗಳನ್ನು ಒಣದಾಗಿಯೇ ಜೋಡಿಸಿ ಹಿಡಿದು, ತೆಳು ಅಂಟನ್ನು ಬ್ರಶ್ಶಿನ ತುದಿಯಿಂದ ಸಂದಿಗೆ ತಾಗಿಸಿದರೆ ಅದೇ ಒಳಗೆ ಹರಿಯುತ್ತದೆ. ಜಾಸ್ತಿ ಹಾಕಿದರೆ ಮೈ ಎಲ್ಲ ಕರಗುತ್ತದೆ.

ಸಂದಿ ತುಂಬಲು ಕಾರಿನವರ ಎನ್‌ಸಿ ಪುಟ್ಟಿ ತರುತ್ತೇನೆ. ಒಂದೇ ಸಲ ದಪ್ಪಗೆ ಹಾಕಿದರೆ ಅದರ ಥಿನ್ನರ್ ಪ್ಲಾಸ್ಟಿಕ್ಕನ್ನೇ ಮೆದು ಮಾಡುತ್ತದೆ. ತೆಳ್ಳಗೆ ಹಾಕಿ ಎರಡು ದಿನ ಬಿಡಬೇಕು. ಆಮೇಲೆ ನೀರು ಹಾಕಿ ಉಜ್ಜುವ ವಾಟರ್ ಪೇಪರ್, ಒರಟಿನಿಂದ ನಯಕ್ಕೆ: 400, 600, 1000 ನಂಬರ್. ಕೊನೆಗೆ 2000. ಪುನರ್ವಸು ಮಳೆಯ ಸದ್ದು ಕೇಳುತ್ತಾ ಜಗಲಿಯಲ್ಲಿ ಕೂತು ನೀರಲ್ಲಿ ಅದ್ದಿ ಅದ್ದಿ ಉಜ್ಜುವುದು ನನಗೆ ತುಂಬಾ ಇಷ್ಟದ ಕೆಲಸ. ಕರೆಂಟ್ ಹೋದರೂ ನಿಲ್ಲುವುದಿಲ್ಲ. ಸಂದಿ ಹೋಯಿತೋ ಇಲ್ಲವೋ ಅಂತ ಉಗುರಿನ ತುದಿಯೇ ಹೇಳುತ್ತದೆ.

ಹಳೆಯ ಕಿಟ್‌ಗಳಲ್ಲಿ ತಗಡಿನ ಜೋಡಣೆಯ ಗೆರೆಗಳು ಉಬ್ಬಿಕೊಂಡಿರುತ್ತವೆ. ಹೊಸ ಕಿಟ್‌ಗಳಲ್ಲಿ ಗೀರಿದ ಹಾಗೆ ಒಳಗಿರುತ್ತವೆ. ತುಂಬಾ ಜನ ಉಬ್ಬುಗೆರೆಯನ್ನೆಲ್ಲ ಉಜ್ಜಿ ಹಾಕಿ ಹೊಸದಾಗಿ ಗೀರುತ್ತಾರೆ. ನಾನು ಮಾಡುವುದಿಲ್ಲ. ಆ ಕಾಲದ ಅಚ್ಚು ಮಾಡಿದವನ ಕೈ ಕಾಣುವುದು ಆ ಗೆರೆಗಳಲ್ಲೇ. ಅದನ್ನು ಅಳಿಸಿದರೆ ಹಳೆಯ ಕಿಟ್ ಕಟ್ಟಿದ್ದಕ್ಕೆ ಏನು ಅರ್ಥ? ಸಂದಿಯ ಹತ್ತಿರ ಉಜ್ಜುವಾಗ ಗೆರೆಯ ಮೇಲೆ ಟೇಪ್ ಅಂಟಿಸಿಕೊಂಡೆ.

ಕಷ್ಟ ಕೊಟ್ಟದ್ದು ಗಾಜು. ಲೈಸಾಂಡರ್‌ನ ಕೋಣೆಗೆ ಪೂರ್ತಿ ಕಿಟಕಿಗಳೇ, ಮತ್ತೆ ರೆಕ್ಕೆ ಬಂದು ಕೂರುವುದೂ ಅಲ್ಲೇ. ಪಾರದರ್ಶಕ ತುಂಡಿಗೆ ಸೂಪರ್ ಗ್ಲೂ ತಾಗಿಸಬಾರದು, ಅದರ ಹಬೆಗೆ ಗಾಜು ಮಂಜಾಗುತ್ತದೆ. ಸ್ಪಿಟ್‌ಫೈರ್‌ನಲ್ಲಿ ಹಾಗೆ ಒಂದು ಗಾಜು ಕಳೆದುಕೊಂಡಿದ್ದೆ. ಇಲ್ಲಿ ಫೆವಿಕಾಲ್ ಹಾಕಿದೆ. ಬಿಳಿಯಾಗಿ ಕಂಡರೂ ಒಣಗಿದ ಮೇಲೆ ತಿಳಿಯಾಗುತ್ತದೆ, ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ರೆಕ್ಕೆಯ ಭಾರವನ್ನು ಮಾತ್ರ ಅದು ಹೊರಲಾರದು. ಆ ಭಾರ ಹೊರುವುದು ಕೆಳಗಿನ ಓರೆ ಕಂಬಗಳು. ಅಂಟು ಒಣಗುವವರೆಗೆ ಎಲ್ಲವೂ ನೇರ ನಿಲ್ಲಬೇಕಲ್ಲ, ಅದಕ್ಕೆ ಹಳೇ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಒಂದು ತೊಟ್ಟಿಲು ಮಾಡಿದೆ. ಆ ರಟ್ಟು ದಪ್ಪ, ಗಟ್ಟಿ, ಅಂಚು ನೇರ. ವಿಮಾನ ಎರಡು ದಿನ ಅದರಲ್ಲೇ ಮಲಗಿತ್ತು. ಬಾಂಬ್ ಎರಡನ್ನೂ ಬೇರೆ ಕಿಟ್‌ಗಳಲ್ಲಿ ಉಳಿದ ತುಂಡುಗಳ ಡಬ್ಬದಲ್ಲಿ ಹುಡುಕಿ ಹಾಕಿದೆ. ಪ್ರೊಪೆಲ್ಲರ್‌ಗೆ ಅಂಟು ಹಾಕುವಾಗ ಕಡ್ಡಿಯ ಹಿಂದಿನ ತುದಿಗೆ ಮಾತ್ರ ಒಂದು ಚುಕ್ಕಿ ತಾಗಿಸಿದೆ, ಮುಂದೆ ತಿರುಗಲಿ ಅಂತ.

ಹಳದಿ ಡೀಕಾಲ್‌ಗೆ ಬಿಸಿಲೇ ಮದ್ದು. ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿದೆ. ಮಳೆಗಾಲದಲ್ಲಿ ಅದೂ ಆಗುವುದಿಲ್ಲ. ಕಾರ್ತಿಕದ ಬಿಸಿಲು ಬೀಳತೊಡಗಿದ ಮೇಲೆ ಮೂರು ವಾರ ಬೇಕಾಯಿತು. ಹಳದಿ ಪೂರ್ತಿ ಹೋಗಲಿಲ್ಲ, ಹಾಲಿನ ಕೆನೆಯ ಬಣ್ಣಕ್ಕೆ ಬಂತು. ಆಮೇಲೆ ಬೇಡದ ಒಂದು ಅಕ್ಷರವನ್ನು ಕತ್ತರಿಸಿ ನೀರಿಗೆ ಹಾಕಿ ನೋಡಿದೆ. ಚೂರು ಚೂರಾಯಿತು. ಎಂಥ ಹಳೆಯ ಡೀಕಾಲ್ ಆದರೂ ಹೀಗೆ ಒಂದನ್ನು ಮೊದಲು ಪರೀಕ್ಷೆ ಮಾಡಲೇಬೇಕು. ಉಳಿದ ಹಾಳೆಗೆ ಹೊಳಪಿನ ಕ್ಲಿಯರ್, ಅಂದರೆ ಬಣ್ಣವಿಲ್ಲದ ವಾರ್ನಿಶ್, ಎರಡು ಕೋಟ್ ಕೊಟ್ಟು ಒಣಗಿಸಿದೆ. ಆ ಪದರವೇ ಒಡೆಯದ ಹಾಗೆ ಹಿಡಿದುಕೊಂಡಿತು.

ಬಣ್ಣಕ್ಕೆ ಈ ಸಲ ಹಂಬ್ರಾಲ್ ಕಂಪನಿಯ ಎನಾಮೆಲ್, ಬ್ರಶ್ಶಿನಲ್ಲೇ. ಮೇಲೆ 29ನೇ ನಂಬರಿನ ಕಂದು, 30ನೇ ನಂಬರಿನ ಹಸಿರು. ಕೆಳಗೆ 90, ತಿಳಿ ಹಸಿರು ಛಾಯೆಯದು. ಮ್ಯಾಟ್, ಅಂದರೆ ಹೊಳಪಿಲ್ಲದ ಎನಾಮೆಲ್‌ನಲ್ಲಿ ಬಣ್ಣವೆಲ್ಲ ತಳಕ್ಕೆ ಕೂತಿರುತ್ತದೆ. ಹಿಡಿಕಡ್ಡಿಯಲ್ಲಿ ಐದು ನಿಮಿಷ ಕಲಕಬೇಕು, ತಳ ಕೆರೆದು. ಇಲ್ಲದಿದ್ದರೆ ಎಷ್ಟು ಒಣಗಿದರೂ ಹೊಳೆಯುತ್ತದೆ. ಕಿಟಕಿಗಳಿಗೆ ಮಾಸ್ಕಿಂಗ್ ಟೇಪ್ ಕತ್ತರಿಸಿ ಅಂಟಿಸಲು ಮೂರು ಸಂಜೆ ಹೋಯಿತು. ತೆಳ್ಳಗೆ ಮೂರು ಕೋಟ್, ಒಂದೊಂದಕ್ಕೂ ಒಂದು ದಿನ ಬಿಡುವು.

ಆ ಹೊತ್ತಿಗೆ ನಮ್ಮಲ್ಲಿ ಅಡಿಕೆ ಕೊಯ್ಲು. ಅಂಗಳದ ತುಂಬ ಸಿಪ್ಪೆ, ಧೂಳು, ಜನ. ಒದ್ದೆ ಬಣ್ಣದ ಮೇಲೆ ಒಂದು ನಾರು ಕೂತರೂ ಎದ್ದು ಕಾಣುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಳಿದು, ಮೇಲೆ ದೊಡ್ಡ ದಬರಿ ಕವುಚಿ ಹಾಕುತ್ತಿದ್ದೆ. ಅಮ್ಮ ಬೆಳಿಗ್ಗೆ ದಬರಿ ಹುಡುಕಿಕೊಂಡು ಬರುತ್ತಿದ್ದರು. "ಒಣಗಿತಾ?" ಅಂತ ಕೇಳಿಯೇ ಎತ್ತುತ್ತಿದ್ದರು.

ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಡೀಕಾಲ್ ಹಾಕಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಹಾಗಾಗಿ ಮೊದಲು ಹೊಳಪಿನ ಕ್ಲಿಯರ್, ಆಮೇಲೆ ಡೀಕಾಲ್, ಕೊನೆಗೆ ಮ್ಯಾಟ್ ಕ್ಲಿಯರ್. ಎರಡೂ ನೀರಿನಲ್ಲಿ ಕರಗುವ ಅಕ್ರಿಲಿಕ್. ಲ್ಯಾಕ್ವರ್ ಮೇಲೆ ಎನಾಮೆಲ್ ಬಳಿಯಬಹುದು. ಎನಾಮೆಲ್ ಮೇಲೆ ಲ್ಯಾಕ್ವರ್ ಬೇಡವೇ ಬೇಡ, ಕೆಳಗಿನ ಬಣ್ಣ ಸುಕ್ಕುಗಟ್ಟಿ ಏಳುತ್ತದೆ.

ಡೀಕಾಲ್‌ನಲ್ಲಿದ್ದ ವಾಯುಪಡೆಯ ವೃತ್ತದ ಗುರುತಿನ ನಡುವೆ ಕೆಂಪು ಬೊಟ್ಟು ಇತ್ತು. ಮುಂದೆ ನಮ್ಮ ಏಷ್ಯಾದ ಯುದ್ಧದಲ್ಲಿ ಆ ಕೆಂಪನ್ನು ತೆಗೆದೇಬಿಟ್ಟರು, ಜಪಾನಿನ ವಿಮಾನದ ಕೆಂಪು ಸೂರ್ಯ ಅಂತ ತಪ್ಪು ತಿಳಿಯಬಾರದು ಅಂತ. ನನ್ನದು 1942ರ ಫೆಬ್ರವರಿಯ ವಿಮಾನ. ಕೆಂಪು ಹಾಗೇ ಉಳಿಯಿತು.

ಕೊನೆಯದು ಆಂಟೆನಾ ತಂತಿ. ಉಳಿದ ಚೌಕಟ್ಟಿನ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ, ಉರಿ ತಾಗದಷ್ಟು ಎತ್ತರದಲ್ಲಿ ತಿರುಗಿಸುತ್ತಾ ಹಿಡಿದು, ಮೆದುವಾದ ಕೂಡಲೇ ಪಕ್ಕಕ್ಕೆ ತಂದು ಎಳೆದರೆ ಕೂದಲಿನಷ್ಟು ತೆಳು ಎಳೆ ಬರುತ್ತದೆ. ಬೇಗ ಎಳೆದಷ್ಟೂ ತೆಳು. ಏಳೆಂಟು ಎಳೆದು ಒಂದನ್ನು ಆರಿಸಿಕೊಂಡೆ.

ವಿಮಾನವನ್ನು ಜಗಲಿಯ ಮೇಜಿನ ಮೇಲಿಟ್ಟು ಚಿಕ್ಕಪ್ಪನನ್ನು ಕರೆದೆ. ಅಡಿಕೆ ಸುಲಿಯುವುದನ್ನು ಬಿಟ್ಟು, ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಬಂದರು. ಎರಡೂ ಅಂಗೈ ಸೇರಿಸಿ ಎತ್ತಿಕೊಂಡರು. ಮೊದಲು ಕೆಳಗೆ ನೋಡಿದರು, ಬಾಂಬ್ ಇರುವ ಕಡೆ. ಆಮೇಲೆ ಕಿಟಕಿಯೊಳಗೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ.

"ಪಂಖ ತಿರುಗುತ್ತಾ?" ಅಂದರು.

"ಊದಿ ನೋಡಿ" ಅಂದೆ.

ಮುಖದ ಹತ್ತಿರ ತಂದು ಮೆಲ್ಲಗೆ ಊದಿದರು. ತಿರುಗಿತು.