ಕುರುವಿನ ಕೀವಿನಲ್ಲಿ ಯಾರಿದ್ದಾರೆ? ನೊರೆ ನೋಡಿ, ಹೆಪ್ಪು ನೋಡಿ

ಕುರುವಿನ ಕೀವು ನಿನ್ನೆ ಲ್ಯಾಬಿಗೆ ಬಂದಿತ್ತು. ಬ್ಯಾಕ್ಟೀರಿಯಾ ಬೆಳೆಸಲು ರಕ್ತ ಬೆರೆಸಿ ಮಾಡಿದ ಬ್ಲಡ್ ಅಗಾರ್ ಪ್ಲೇಟಿಗೆ ಹಚ್ಚಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟಿದ್ದೀರಿ. ಬೆಳಿಗ್ಗೆ ನೋಡಿದರೆ ಸಾಸಿವೆ ಕಾಳಿನಷ್ಟು ಹೊಂಬಣ್ಣದ ಚುಕ್ಕೆಗಳು, ಅಂದರೆ ಬ್ಯಾಕ್ಟೀರಿಯಾದ ಕಾಲೊನಿಗಳು. ಇವುಗಳ ಹೆಸರು ಹೇಳೋದು ಹೇಗೆ?

ಮೊದಲು ಗ್ರಾಂ ಸ್ಟೈನ್, ಅಂದರೆ ಬಣ್ಣ ಹಚ್ಚಿ ನೋಡುವುದು. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ ವಿಧಾನ ಇವತ್ತಿಗೂ ನಡೆಯುತ್ತಿದೆ. ನೇರಳೆಯ ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ತೊಳೆಯಲು ಆಲ್ಕೋಹಾಲ್, ಕೊನೆಗೆ ಗುಲಾಬಿಯ ಸ್ಯಾಫ್ರನಿನ್. ಗೋಡೆ ದಪ್ಪ ಇರುವ ಬ್ಯಾಕ್ಟೀರಿಯಾ ನೇರಳೆ ಬಣ್ಣ ಬಿಡುವುದಿಲ್ಲ, ಅದೇ ಗ್ರಾಂ ಪಾಸಿಟಿವ್. ಆಲ್ಕೋಹಾಲ್ ಮಾತ್ರ ಕೆಲವೇ ಸೆಕೆಂಡು. ಜಾಸ್ತಿ ತೊಳೆದರೆ ನೇರಳೆಯೂ ಗುಲಾಬಿಯಾಗಿ ಮೋಸ ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಂಡರೆ ಸ್ಟ್ಯಾಫಿಲೋಕಾಕಸ್ ಇರಬಹುದು, ಮಣಿಸರದಂತೆ ಕಂಡರೆ ಸ್ಟ್ರೆಪ್ಟೋಕಾಕಸ್. ಆದರೆ ಬರೀ ಆಕಾರ ನೋಡಿ ರಿಪೋರ್ಟ್ ಬರೆಯಬೇಡಿ.

ಮುಂದಿನದು ಕ್ಯಾಟಲೇಸ್ ಎಂಬ ಕಿಣ್ವದ ಪರೀಕ್ಷೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸ್ಸನೆ ನೊರೆ ಬರುತ್ತಲ್ವಾ? ಅದೇ ಆಟ. ಗಾಜಿನ ಸ್ಲೈಡಿನ ಮೇಲೆ ಮರದ ಕಡ್ಡಿಯಿಂದ ಒಂದು ಕಾಲೊನಿ ಇಟ್ಟು, ಶೇ 3ರ ಪೆರಾಕ್ಸೈಡ್ ಒಂದು ಹನಿ ಬಿಡಿ. ತಕ್ಷಣ ಗುಳ್ಳೆ ಎದ್ದರೆ ಸ್ಟ್ಯಾಫಿಲೋಕಾಕಸ್ ಕಡೆ, ಸುಮ್ಮನಿದ್ದರೆ ಸ್ಟ್ರೆಪ್ಟೋಕಾಕಸ್ ಅಥವಾ ಎಂಟರೋಕಾಕಸ್ ಕಡೆ. ಗಾಯದ ನೊರೆಗೆ ರಕ್ತದಲ್ಲೇ ಇರುವ ಕ್ಯಾಟಲೇಸ್ ಕಾರಣ. ಹಾಗಾಗಿ ಕಾಲೊನಿಯ ಜೊತೆ ಬ್ಲಡ್ ಅಗಾರಿನ ಚೂರು ಅಂಟಿ ಬಂದರೂ ಗುಳ್ಳೆ ಏಳುತ್ತದೆ. ಮೇಲಿನಿಂದ ಮೆಲ್ಲಗೆ ಮುಟ್ಟಿ ತೆಗೆಯಿರಿ.

ನೊರೆ ಬಂತು ಅಂತಿಟ್ಟುಕೊಳ್ಳಿ. ಈಗ ಕೊಯಾಗುಲೇಸ್, ಅಂದರೆ ಹೆಪ್ಪುಗಟ್ಟಿಸುವ ಕಿಣ್ವದ ಪರೀಕ್ಷೆ. ನನಗೆ ಪಾಠ ಕಲಿಸಿದ್ದು ಇದೇ. ಅರ್ಧ ಎಂ.ಎಲ್. ಮೊಲದ ಪ್ಲಾಸ್ಮಾಕ್ಕೆ ಕಾಲೊನಿ ಕಲಸಿ 37 ಡಿಗ್ರಿಯಲ್ಲಿಡಬೇಕು. ಸ್ಟ್ಯಾಫಿಲೋಕಾಕಸ್ ಆರಿಯಸ್ ಇದ್ದರೆ ಪ್ಲಾಸ್ಮಾ ಮೊಸರಿನಂತೆ ಹೆಪ್ಪುಗಟ್ಟುತ್ತದೆ, ಟ್ಯೂಬ್ ಓರೆ ಮಾಡಿದರೂ ಹರಿಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಸಂಜೆ ಟ್ಯೂಬ್ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ನೀರು ನೀರಾಗಿತ್ತು, ನೆಗೆಟಿವ್ ಅಂತ ಬರೆದೆ. ಸೀನಿಯರ್ ಮೇಡಂ ಕೇಳಿದ್ದು ಒಂದೇ ಮಾತು: ‘ನಾಲ್ಕು ಗಂಟೆ ಆದಮೇಲೆ ನೋಡಿದ್ಯೇನಮ್ಮಾ?’ ನೋಡಿರಲಿಲ್ಲ. ಕೆಲವು ಆರಿಯಸ್ ತಾನೇ ಕಟ್ಟಿದ ಹೆಪ್ಪನ್ನು ಸ್ಟ್ಯಾಫೈಲೋಕೈನೇಸ್ ಎಂಬ ಕಿಣ್ವದಿಂದ ತಾನೇ ಕರಗಿಸಿಬಿಡುತ್ತದೆ. ಮತ್ತೆ ಇಟ್ಟೆವು. ಮಧ್ಯಾಹ್ನಕ್ಕೆ ಗಟ್ಟಿ ಹೆಪ್ಪು! ಆದ್ದರಿಂದ 4 ಗಂಟೆಯೊಳಗೆ ನಡುನಡುವೆ ನೋಡಿ. ಆಗಲೂ ಕಟ್ಟದಿದ್ದರೆ 24 ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ.

ಹೆಪ್ಪು ಕಟ್ಟದ ಸ್ಟ್ಯಾಫಿಲೋಕಾಕಸ್‌ಗಳೂ ಬೇಕಾದಷ್ಟಿವೆ. ಯುವತಿಯರ ಮೂತ್ರದಲ್ಲಿ ಬಂದರೆ 5 ಮೈಕ್ರೊಗ್ರಾಂ ನೊವೊಬಯೋಸಿನ್ ಎಂಬ ಆಂಟಿಬಯೋಟಿಕ್ ಇರುವ ಕಾಗದದ ಡಿಸ್ಕನ್ನು ಪ್ಲೇಟಿನ ಮೇಲೆ ಇಡಿ. ಅದಕ್ಕೆ ಬಗ್ಗದೆ ಬೆಳೆದರೆ ಸ್ಯಾಪ್ರೊಫಿಟಿಕಸ್, ಉರಿಮೂತ್ರಕ್ಕೆ ಕಾರಣ ಆಗುವಂಥದ್ದು. ಎಪಿಡರ್ಮಿಡಿಸ್ ಅದೇ ಡಿಸ್ಕಿಗೆ ಸೋಲುತ್ತದೆ. ಇದು ನಮ್ಮೆಲ್ಲರ ಚರ್ಮದ ಮೇಲೇ ಇರುತ್ತದೆ. ರಕ್ತದ ಒಂದೇ ಬಾಟಲಿಯಲ್ಲಿ ಬಂದರೆ ಸೂಜಿಯ ಜೊತೆ ಒಳಗೆ ಹೋಗಿರುವ ಸಾಧ್ಯತೆ ಜಾಸ್ತಿ. ಬೇರೆ ಬೇರೆ ಕಡೆ ಚುಚ್ಚಿ ತೆಗೆದ ರಕ್ತದಲ್ಲೂ ಅದೇ ಬಂದು, ರೋಗಿಗೆ ಕೃತಕ ಕವಾಟವೋ ಕ್ಯಾತಿಟರೋ ಇದ್ದರೆ ಹಗುರವಾಗಿ ತಗೋಬೇಡಿ.

ನೊರೆ ಬರದಿದ್ದರೆ ಪ್ಲೇಟನ್ನು ಬೆಳಕಿಗೆ ಹಿಡಿಯಿರಿ. ಕಾಲೊನಿ ಸುತ್ತ ರಕ್ತ ಪೂರ್ತಿ ಕರಗಿ ತಿಳಿಯಾಗಿದ್ದರೆ ಅದನ್ನು ಬೀಟಾ ಗುಂಪು ಅನ್ನುತ್ತಾರೆ. ಅದು ಬ್ಯಾಸಿಟ್ರಾಸಿನ್ ಡಿಸ್ಕಿಗೆ ಸೋತು, ಪಿವೈಆರ್ ಎಂಬ ಕಿಣ್ವದ ಪರೀಕ್ಷೆಯಲ್ಲೂ ಪಾಸಿಟಿವ್ ಆದರೆ ಸ್ಟ್ರೆಪ್ಟೋಕಾಕಸ್ ಪಯೋಜೆನಸ್. ಮಕ್ಕಳ ಗಂಟಲುನೋವನ್ನು ಹಾಗೇ ಬಿಟ್ಟರೆ ಮುಂದೆ ಸಂಧಿವಾತ ಜ್ವರ ಬಂದು ಹೃದಯದ ಕವಾಟ ಹಾಳಾಗಬಹುದು, ಅದು ಇದರಿಂದಲೇ. ಆರಿಯಸ್ ಗೆರೆಯ ಪಕ್ಕ ಬೆಳೆಸಿ ನೋಡುವ ಕ್ಯಾಂಪ್ ಪರೀಕ್ಷೆಯಲ್ಲಿ ರಕ್ತ ಕರಗಿ ಬಾಣದ ತುದಿ ಮೂಡಿದರೆ ಅಗಲಾಕ್ಟಿಯೆ, ನವಜಾತ ಶಿಶುವಿನ ಮೆದುಳುಪೊರೆಯವರೆಗೆ ಹೋಗುವಂಥದ್ದು. ಸುತ್ತ ಹಸಿರು ಛಾಯೆ ಇದ್ದರೆ ಆಪ್ಟೋಚಿನ್ ಎಂಬ ರಾಸಾಯನಿಕದ ಡಿಸ್ಕ್ ಇಡಿ. ಡಿಸ್ಕಿನ ಸುತ್ತ ಏನೂ ಬೆಳೆಯದ ಬಳೆ 14 ಮಿ.ಮೀ. ಅಥವಾ ಜಾಸ್ತಿ ಬಂದರೆ ನ್ಯುಮೋನಿಯೆ. ಬೈಲ್ ಎಸ್ಕ್ಯುಲಿನ್ ಎಂಬ ಮಾಧ್ಯಮವನ್ನು ಕಪ್ಪಾಗಿಸಿ, ಶೇ 6.5ರ ಉಪ್ಪುನೀರಲ್ಲೂ ಆರಾಮಾಗಿ ಬೆಳೆಯುವುದು ಎಂಟರೋಕಾಕಸ್.

ನಮ್ಮ ಕೀವಿನದು ಆರಿಯಸ್ ಅಂತ ಖಚಿತ ಆಯ್ತಾ? ಇನ್ನೊಂದು ಕೆಲಸ ಬಾಕಿ ಇದೆ. 30 ಮೈಕ್ರೊಗ್ರಾಂ ಸೆಫಾಕ್ಸಿಟಿನ್ ಡಿಸ್ಕ್ ಇಟ್ಟು ಮರುದಿನ ಬಳೆ ಅಳೆಯಿರಿ. 21 ಮಿ.ಮೀ. ಅಥವಾ ಕಡಿಮೆ ಇದ್ದರೆ ಅದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಆರಿಯಸ್. ಅದೇ ಗುಂಪಿನ ಔಷಧ ಕ್ಲಾಕ್ಸಾಸಿಲಿನ್ ಕೊಟ್ಟರೂ ಕೇಳುವುದಿಲ್ಲ. ರಿಪೋರ್ಟ್ ಪ್ರಿಂಟ್ ಆಗೋವರೆಗೆ ಕಾಯಬೇಡಿ, ವಾರ್ಡಿಗೆ ಫೋನ್ ಮಾಡಿ.