ಕರಿಗುಡ್ಡೆಯ ಅಂಚಿನ ಹುಟ್ಟುಗಂಟು: ಬುಡ ಬಿಟ್ಟು ತೆಗೆಯುವ ಕ್ರಮ

ಕರಿಗುಡ್ಡೆ, ಬಿಳಿಗುಡ್ಡೆ ಕೂಡುವ ಗೆರೆಯಲ್ಲಿ, ಹೆಚ್ಚಾಗಿ ಕೆಳಗಿನ ಹೊರಮೂಲೆಯಲ್ಲಿ, ಹುಟ್ಟಿನಿಂದಲೇ ಹಳದಿ ಛಾಯೆಯ ಬಿಳಿ ಗಂಟು ಇದ್ದರೆ ಅದು ಬಹುಪಾಲು ಲಿಂಬಲ್ ಡರ್ಮಾಯ್ಡ್. ಒಮ್ಮೊಮ್ಮೆ ಅದರ ಮೇಲೆ ಕೂದಲೂ ಇರುತ್ತದೆ. ಚರ್ಮದ ಅಂಗಾಂಶ ತಪ್ಪು ಜಾಗದಲ್ಲಿ ಬೆಳೆದದ್ದು ಅಷ್ಟೆ, ಕ್ಯಾನ್ಸರ್ ಅಲ್ಲ. ಕೊಡಗಿನ ತೋಟಗಳ ಲೈನ್ ಮನೆಗಳಿಂದ ಮಗುವನ್ನು ಕರೆತಂದವರು ‘ಕಣ್ಣಲ್ಲಿ ಹೂ ಬಿದ್ದಿದೆ’ ಎಂದರೆ ನಾನು ಮೊದಲು ನೋಡುವುದು ಕಿವಿಯ ಮುಂದೆ ಚರ್ಮದ ತುಣುಕು ಇದೆಯೇ, ದವಡೆ ಚಿಕ್ಕದೇ ಎಂದು. ಇದ್ದರೆ ಗೋಲ್ಡನ್‌ಹಾರ್ ಸಿಂಡ್ರೋಮ್ (ಕಣ್ಣು, ಕಿವಿ, ದವಡೆ ಹುಟ್ಟಿನಿಂದ ಸರಿಯಾಗಿ ಬೆಳೆಯದ ಸ್ಥಿತಿ) ಶಂಕೆ. ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು, ಉಸಿರುನಳಿಗೆ ಕೊಳವೆ ಹಾಕುವುದು ಕಷ್ಟವಾಗಬಹುದು.

ಎಷ್ಟು ಆಳಕ್ಕೆ ಇಳಿದಿದೆ ಎಂಬುದೇ ಮುಖ್ಯ ಪ್ರಶ್ನೆ. ದಪ್ಪ ಗಂಟಿನೊಳಗೆ ಓಸಿಟಿ (ಬೆಳಕಿನಿಂದ ಪದರಗಳ ಚಿತ್ರ ತೆಗೆಯುವ ಸ್ಕ್ಯಾನ್) ಬೆಳಕು ತೂರುವುದಿಲ್ಲ, ಆದ್ದರಿಂದ ಯುಬಿಎಂ ಎಂಬ ಅಲ್ಟ್ರಾಸೌಂಡ್ ಸ್ಕ್ಯಾನ್ ಮೇಲು. ಮಗು ಸುಮ್ಮನಿರದಿದ್ದರೆ ಅರಿವಳಿಕೆ ಕೊಟ್ಟ ಮೇಲೆ ಟೇಬಲ್ ಮೇಲೆಯೇ ಮಾಡುತ್ತೇನೆ. ಆಳವಾಗಿದ್ದರೆ ದಾನಿಯ ಕಾರ್ನಿಯಾ (ಕರಿಗುಡ್ಡೆಯ ಪಾರದರ್ಶಕ ಪದರ) ಕೈಗೆ ಸಿಗುವಂತಿರಬೇಕು. ಅದನ್ನು ತರಿಸಬೇಕಾದ ಮೈಸೂರು ಇಲ್ಲಿಂದ ಸುಮಾರು 120 ಕಿ.ಮೀ. ದೂರ, ಕರಿಗುಡ್ಡೆಯಲ್ಲಿ ರಂಧ್ರವಾದ ಮೇಲೆ ತರಿಸುವ ಮಾತಿಲ್ಲ. ಗ್ಲಿಸರಿನ್‌ನಲ್ಲಿ ಕಾಪಿಟ್ಟ ಕಾರ್ನಿಯಾ ತೇಪೆಗೆ ಸಾಕು.

ಗಂಟಿನ ಸುತ್ತ ಕಂಜಂಕ್ಟೈವಾ (ಬಿಳಿಗುಡ್ಡೆಯ ಮೇಲಿನ ತೆಳು ಪೊರೆ) ಬಿಡಿಸಿ, ಕ್ರೆಸೆಂಟ್ ಬ್ಲೇಡ್ ಅನ್ನು ಕರಿಗುಡ್ಡೆಯ ಕಡೆಯಿಂದ ಮಲಗಿಸಿ ಹಿಡಿದು ಪದರ ಪದರವಾಗಿ ಬಿಡಿಸುತ್ತೇನೆ. ಮೇಲ್ಮೈ ಸುತ್ತಲಿನ ಬಾಗಿಗೆ ಸಮವಾದಾಗ ಕೈ ನಿಲ್ಲಬೇಕು. ಬುಡದಲ್ಲಿ ಬಿಳಿ ಕಾಣುತ್ತದೆ, ಇನ್ನಷ್ಟು ಕೆರೆಯೋಣ ಅನ್ನಿಸುತ್ತದೆ. ಅಲ್ಲೇ ತಪ್ಪಾಗುವುದು: ಅಲ್ಲಿ ಕಾರ್ನಿಯಾ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ, ಗಂಟು ಒಳಪದರಕ್ಕೆ ತಾಗಿದ್ದರೆ ಕಣ್ಣೊಳಗಿನ ನೀರು ಜಿನುಗುತ್ತದೆ. ಉಳಿದ ಬಿಳಿ ಕಲೆಯಿಂದ ಅಪಾಯವಿಲ್ಲ. ರಕ್ತಸ್ರಾವಕ್ಕೆ ಹಗುರ ಕಾಟರಿ (ಶಾಖದಿಂದ ಸುಡುವುದು) ಸಾಕು. ಬರಿದಾದ ಜಾಗಕ್ಕೆ ಫೈಬ್ರಿನ್ ಅಂಟಿನಿಂದ ಆಮ್ನಿಯಾಟಿಕ್ ಪೊರೆ (ಗರ್ಭದಲ್ಲಿ ಮಗುವನ್ನು ಸುತ್ತುವ ಪೊರೆ) ಕೂರಿಸುತ್ತೇನೆ. ಹಾಗೇ ಬಿಟ್ಟರೆ ಕಂಜಂಕ್ಟೈವಾ ಕರಿಗುಡ್ಡೆಯ ಮೇಲೆ ಹರಿದುಬರುತ್ತದೆ. ತೇಪೆ ಬೇಕಾದರೆ ಹೊಲಿಗೆ 10-0 ನೈಲಾನ್ ಎಂಬ ಅತಿ ತೆಳು ದಾರದಿಂದ. ತೆಗೆದ ಗಂಟು ಪರೀಕ್ಷೆಗೆ ಹೋಗಲೇಬೇಕು.

ಮೇಲಿನ ಹೊರಮೂಲೆಯಲ್ಲಿ, ರೆಪ್ಪೆಯಡಿ ಇರುವ ಮೆತ್ತನೆಯ ಡರ್ಮೋಲಿಪೋಮಾವನ್ನು (ಕೊಬ್ಬು ಸೇರಿದ ಹುಟ್ಟುಗಂಟನ್ನು) ಹೀಗೆ ಮುಟ್ಟಬಾರದು. ಕಣ್ಣೀರಿನ ನಾಳಗಳು, ಹೊರಸ್ನಾಯು ಪಕ್ಕದಲ್ಲೇ ಇವೆ. ತೀರಾ ಎದ್ದು ಕಂಡರೆ ಮಾತ್ರ ಮುಂದಿನ ಭಾಗವನ್ನಷ್ಟೇ ತೆಗೆಯಿರಿ.

ಗಂಟು ಹೋದರೂ ಅದರಿಂದಾದ ಕರಿಗುಡ್ಡೆಯ ವಕ್ರತೆ ಬಹಳಷ್ಟು ಹಾಗೇ ಇರುತ್ತದೆ, ಆ ಕಣ್ಣು ಮಂದವಾಗಿಯೇ ಉಳಿಯುತ್ತದೆ. ಹಾಗಾಗಿ ಅಟ್ರೋಪಿನ್ ಹನಿ ಹಾಕಿ ಪವರ್ ಅಳೆದು, ಕನ್ನಡಕವನ್ನೂ ಒಳ್ಳೆಯ ಕಣ್ಣಿಗೆ ದಿನಕ್ಕೆ 2 ಗಂಟೆ ಪಟ್ಟಿಯನ್ನೂ ಶಸ್ತ್ರಚಿಕಿತ್ಸೆಗೆ ಮೊದಲೇ ಶುರುಮಾಡಿಸುತ್ತೇನೆ.

ಮಕ್ಕಳಲ್ಲಿ ಹೊಲಿಗೆ ಬೇಗ ಸಡಿಲವಾಗುತ್ತದೆ. ಸಡಿಲವಾದದ್ದನ್ನು ತಡಮಾಡದೆ ತೆಗೆಯದಿದ್ದರೆ ರಕ್ತನಾಳ, ಸೋಂಕು ಎರಡೂ ಬರುತ್ತವೆ. ಮಳೆಗಾಲದಲ್ಲಿ ರಸ್ತೆ ಕುಸಿದರೆ ಮರುಭೇಟಿ ತಪ್ಪುತ್ತದೆ, ಡಿಸೆಂಬರಿನಿಂದ ಕಾಫಿ ಕೊಯ್ಲು. ಆದ್ದರಿಂದ ಅವಸರವಿಲ್ಲದ ಗಂಟಿಗೆ ಅಕ್ಟೋಬರ್ ಮೊದಲ ವಾರ ದಿನ ಕೊಡುತ್ತೇನೆ.